ದೇವಿಯ ತರ್ಜುಮೆ

ಲೇಡೀಸ್ ಹಾಸ್ಟೆಲ್, ಠಾಣೆ
೪ ಏಪ್ರಿಲ್ ೧೯೭೬, ರವಿವಾರ

ಪ್ರೀತಿಯ ಕಾಶಿ,

ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನಾಲ್ಕು ದಿನದ ಹಿಂದೆ ಯುಗಾದಿಗೆ ಬಂದವಳು ಎರಡು ಹೊತ್ತು ನಿನ್ನ ಎದುರಿಗೇ ಕುಳಿತು ಉಂಡು ಹೋದೆ. ಆಗ ಬಾಯಿ ಬಿಡದೆ, ಮುಕ್ಕಾಲು ತಾಸಿನ ಲೋಕಲ್ ದಾರಿಗೆ ಈಗ ಅಂಚೆಚೀಟಿ ಹಚ್ಚುತ್ತಿದ್ದೇನೆ. ನಿನ್ನ ಹೆಸರಿಗೆ ನಾನು ಎಂದೂ ಪತ್ರ ಬರೆದವಳಲ್ಲ. ಬರೆದದ್ದೆಲ್ಲ ಅವ್ವನಿಗೆ. ಅವಳಿಗೆ ಓದು ಬರುವುದಿಲ್ಲವೆಂದು ಓದಿ ಹೇಳಿದವಳು ನೀನು. ಇದನ್ನು ಮಾತ್ರ ಅವಳಿಗೆ ಓದಿ ಹೇಳಬೇಡ. ಮೊದಲು ನೀನೊಬ್ಬಳೇ ಓದು. ಆಮೇಲೆ ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು. ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಹತ್ತು ವರ್ಷ ಬೆಳೆದವಳ ಕನ್ನಡ. ಅರ್ಧ ಮಾತು ಇಂಗ್ಲಿಷಿನಲ್ಲೇ ಹೊಳೆಯುತ್ತದೆ. ತಪ್ಪಿದ್ದಲ್ಲಿ ತಿದ್ದಿಕೊ.

ಇಲ್ಲಿ ನಾನು ಆರಾಮ ಎಂದು ಬರೆಯಬೇಕು, ಆದರೆ ಅಲ್ಲ. ಹನ್ನೆರಡಕ್ಕೆ ಫಸ್ಟ್ ಇಯರ್ ಪರೀಕ್ಷೆ ಶುರು. ಕೆಮಿಸ್ಟ್ರಿ ಪುಸ್ತಕದ ಒಂದೇ ಪುಟವನ್ನು ಮೂರು ದಿನದಿಂದ ಓದುತ್ತಿದ್ದೇನೆ. ಕಣ್ಣು ಮುಚ್ಚಿದರೆ ಯುಗಾದಿಯ ದಿನದ ಅವ್ವ ಕಾಣುತ್ತಾಳೆ. ಹೋಳಿಗೆ ಮಾಡಿದಳು, ತಾನು ಮುಟ್ಟಲಿಲ್ಲ. ನಾನು ಕೇಳಿದ್ದಕ್ಕೆ, "ನನ್ನ ಬಾಯಿಂದ ಒಂದು ಮಾತು ಬಂತು, ಹುಡುಗಿ ನೌಕರಿ ಹೋತು. ಈ ಬಾಯಿಗಿ ಇನ್ನ ಸಿಹಿ ಯಾಕವಾ?" ಎಂದಳು. ನೀನು ಒಳಗೆ ತಟ್ಟೆ ತೊಳೆಯುತ್ತಿದ್ದೆ. "ನಿನ್ನ ತಪ್ಪಲ್ಲ ಅವ್ವ" ಎಂದು ನಾನು ಹೇಳಬೇಕಿತ್ತು. ಹಾಗಾದರೆ ಯಾರದು ಎಂದು ಅವಳು ಕೇಳಿಬಿಟ್ಟರೆ ಎಂದು ಹೆದರಿ, ಹೋಳಿಗೆಗೆ ತುಪ್ಪ ಹಾಕಿಕೊಂಡೆ.

ತಪ್ಪು ನನ್ನದು ಕಾಶಿ. ಟೆಲಿಫೋನ್ ಆಪರೇಟರ್ ಕೆಲಸದ ಆ ಇಂಟರ್‌ವ್ಯೂ ನಿನ್ನ ಕೈ ತಪ್ಪಿಸಿದ್ದು ನಾನು. ಹೇಗೆಂದು ಹೇಳುತ್ತೇನೆ.

ಚಾಳಿನ ಗೋಡೆಯ ಮೇಲೆ ಗೇರುಬಣ್ಣದಲ್ಲಿ ಸರಕಾರದವರು ಬರೆಸಿದ್ದಾರಲ್ಲ, 'ದೇವೀಚಾ ರೋಗೀ ಕಳವಾ, ಹಜಾರ ರೂಪಯೇ ಮಿಳವಾ' ಎಂದು. ದೀಪಾವಳಿ ರಜೆಗೆ ಬಂದಾಗ ನಾವು ಮೂವರೂ ಅದರ ಮುಂದೆ ನಿಂತಿದ್ದೆವು. ಏನು ಬರೆದಾರವಾ ಎಂದು ಅವ್ವ ಕೇಳಿದಳು. ನೀನು ಮುಖ ಗಂಭೀರ ಮಾಡಿಕೊಂಡು, "ದೇವಿ ರೋಗಿ ಕಳವಾಗ್ಯಾನಂತ ದೊಡ್ಡವ್ವ. ಹುಡುಕಿ ಕೊಟ್ಟವರಿಗೆ ಸಾವಿರ ರೂಪಾಯಿ" ಎಂದೆ. "ರೋಗಿನ್ನ ಯಾವಾಕಿ ಕದ್ಲ, ಹುಚ್ಚಿ" ಎಂದು ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಕಳವಾ ಎಂದರೆ ಮರಾಠಿಯಲ್ಲಿ ತಿಳಿಸಿ ಎಂದರ್ಥ, ಸಿಡುಬಿನ ರೋಗಿ ಇದ್ದರೆ ತಿಳಿಸಿ ಎಂದು ಬರೆದಿದ್ದಾರೆ ಎಂದು ನಾನು ವಿವರಿಸಿದೆ. "ಹೌದೇನು" ಎಂದು ಅವ್ವ ತರಕಾರಿ ಚೀಲ ಎತ್ತಿಕೊಂಡು ನಡೆದಳು. ಸರಿಯಾದ ಅರ್ಥ ಹೇಳಿದವಳು ನಾನು, ನಗು ಸಿಕ್ಕಿದ್ದು ನಿನಗೆ. ಇಷ್ಟು ಸಣ್ಣದನ್ನು ಯಾರಾದರೂ ನೆನಪಿಡುತ್ತಾರೆಯೇ ಎನ್ನಬೇಡ. ನಾನು ಇಡುತ್ತೇನೆ. ಹನ್ನೊಂದು ವರ್ಷದ್ದು ಇಟ್ಟಿದ್ದೇನೆ.

ನಿನ್ನವ್ವ, ನನ್ನ ಚಿಗವ್ವ, ತೀರಿಕೊಂಡು ನೀನು ನಮ್ಮ ಮನೆಗೆ ಬಂದ ವರ್ಷವೇ ಅಪ್ಪ ನನ್ನನ್ನು ಬೆಳಗಾವಿಗೆ ಹಾಕಿದ. ನಾನು ಮಲಗುತ್ತಿದ್ದ ಜಾಗದಲ್ಲಿ, ಅವ್ವನ ಎಡಗಡೆ, ನಿನ್ನ ಹಾಸಿಗೆ ಬಿತ್ತು. ಇಂಗ್ಲಿಷ್ ಕಲಿತು ದೊಡ್ಡವಳಾಗಲಿ ಎಂದು ನನ್ನನ್ನು ಕಳಿಸಿದರೆಂದು ಎಲ್ಲರೂ ಹೇಳುತ್ತಾರೆ, ಅದು ಖರೆಯೂ ಇರಬಹುದು. ಏಳು ವರ್ಷದವಳಿಗೆ ಗೊತ್ತಾಗಿದ್ದು ಒಂದೇ: ಒಬ್ಬಳು ಬಂದಳು, ಒಬ್ಬಳನ್ನು ಕಳಿಸಿದರು.

ಈಗ ಆ ರವಿವಾರ, ಮಾರ್ಚ್ ಏಳು. ನಾನು ಬೆಳಿಗ್ಗೆಯ ಗಾಡಿಗೆ ಬಂದೆ. ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸಿತ್ತು. ಒಳಗೆ ನೀನು ಮೈತುಂಬ ಗುಳ್ಳೆ ಎದ್ದು ಮಲಗಿದ್ದೆ. ಅವ್ವ ಮೂರು ದಿನದಿಂದ ಒಗ್ಗರಣೆ ಹಾಕಿರಲಿಲ್ಲ, ತಲೆ ಬಾಚಿರಲಿಲ್ಲ. ಬೇವಿನೆಲೆಯಿಂದ ನಿನ್ನ ಮೈ ಸವರುತ್ತ, "ತಾಯಿ, ತಂಪಾಗವಾ, ನನ್ನ ಕೂಸಿನ ಮ್ಯಾಲೆ ಸಿಟ್ಟಾಗಬ್ಯಾಡ" ಎನ್ನುತ್ತಿದ್ದಳು. ನಾನು ಬಂದದ್ದಕ್ಕೆ ತಿರುಗಿ, "ಅಲ್ಲೇ ನಿಂದ್ರು, ಕೈಕಾಲು ತೊಳಕೊ" ಎಂದಳು, ಅಷ್ಟೇ.

ನನಗೆ ಮೂರನೇ ಇಯತ್ತೆಯಲ್ಲಿ ಇದೇ ಬಂದಿತ್ತು, ಗೊತ್ತಲ್ಲ? ಚಿಕನ್ ಪಾಕ್ಸ್. ಹಾಸ್ಟೆಲ್ಲಿನ ಸಿಕ್ ರೂಮಿನಲ್ಲಿ ಹದಿನಾಲ್ಕು ದಿನ ಒಬ್ಬಳೇ. ಒಬ್ಬ ಸಿಸ್ಟರ್ ದಿನಕ್ಕೆ ಎರಡು ಸಲ ಬಂದು ಗುಲಾಬಿ ಬಣ್ಣದ ಲೋಶನ್ ಹಚ್ಚಿ, ಕೆರೆದರೆ ಕೈಗೆ ಬಟ್ಟೆ ಕಟ್ಟುತ್ತೇನೆ ಎಂದು ಹೇಳಿ ಹೋಗುತ್ತಿದ್ದಳು. ಅವ್ವ ಬರಲಿಲ್ಲ. ಅಪ್ಪನಿಗೆ ಗೂಡ್ಸ್ ಆಫೀಸಿನಲ್ಲಿ ರಜೆ ಸಿಗಲಿಲ್ಲವಂತೆ, ಒಬ್ಬಳೇ ಬರಲು ಅವಳಿಗೆ ದಾರಿ ಗೊತ್ತಿರಲಿಲ್ಲವಂತೆ. ಅದಕ್ಕೇ ಹೇಳುತ್ತೇನೆ, ನಿನಗೆ ಬಂದದ್ದು ಏನೆಂದು ಆ ಮನೆಯಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ.

ಹನ್ನೊಂದರ ಸುಮಾರಿಗೆ ಆರೋಗ್ಯ ಖಾತೆಯವನು ಬಂದ. ಮನೆ ಮನೆ ಹುಡುಕುತ್ತಿದ್ದರಲ್ಲ. ಕೊರಳಲ್ಲಿ ಚೀಲ, ಕೈಯಲ್ಲಿ ಸಿಡುಬಾದ ಮಗುವಿನ ಫೋಟೋ ಇದ್ದ ಕಾರ್ಡು. ಬೇವು ನೋಡಿ ನಿಂತು, ಇಲ್ಲಿ ಯಾರಿಗಾದರೂ 'ದೇವೀ' ಆಗಿದೆಯಾ ಎಂದು ಮರಾಠಿಯಲ್ಲಿ ಕೇಳಿದ. ಅವ್ವ ಕೈಮುಗಿದು, "ಹೌದ್ರಿ, ದೇವಿ ಬಂದಾಳ. ಮೂರು ದಿನಾ ಆತು" ಎಂದಳು. ಅವನ ಮುಖ ಬಿಳಚಿಕೊಂಡಿತು. ನೋಡಬೇಕು ಎಂದು ಒಂದು ಕಾಲು ಒಳಗಿಟ್ಟ. "ಹೊರಗಿನ ನೆರಳು ಬೀಳಬಾರದ್ರಿ, ತಾಯಿ ಉರೀತಾಳ" ಎಂದು ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, "ಕಾಲೇಜವಾಲೀ ನಾ ತೂ? ಆಯೀ ಕಾಯ್ ಮ್ಹಣತೇ, ನೀಟ ಸಾಂಗ್" ಎಂದ. ಅವ್ವ ಏನು ಹೇಳುತ್ತಾಳೋ ಸರಿಯಾಗಿ ಹೇಳು ಎಂದು.

ಮರಾಠಿಯವರಿಗೆ ದೇವೀ ಎಂದರೆ ಸಿಡುಬು ಒಂದೇ. ಚಿಕನ್ ಪಾಕ್ಸಿಗೆ ಕಾಂಜಿಣ್ಯಾ ಎಂದು ಬೇರೆ ಹೆಸರಿದೆ. ನಮ್ಮ ಅವ್ವನಂಥವರಿಗೆ ಮೈಮೇಲೆ ನೀರುಗುಳ್ಳೆ ಎದ್ದರೆ ಎಲ್ಲವೂ ದೇವಿಯೇ. 'ಕಾಂಜಿಣ್ಯಾ' ಎಂದು ಒಂದು ಶಬ್ದ ಹೇಳಿದ್ದರೆ ಅವನು ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಮುಂದಿನ ಮನೆಗೆ ಹೋಗುತ್ತಿದ್ದ. ಶಬ್ದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒಳಗಿನಿಂದ ನೀನು "ದೊಡ್ಡವ್ವ, ನೀರು" ಎಂದೆ, ಅವ್ವ ಅವನನ್ನೂ ನನ್ನನ್ನೂ ಬಿಟ್ಟು ಓಡಿದಳು. ನಾನು ಹೇಳಿದೆ, "ದೇವೀ ಆಲೀ ಆಹೇ ಮ್ಹಣತೇ." ದೇವಿ ಬಂದಿದ್ದಾಳೆ ಎನ್ನುತ್ತಾಳೆ. ಮಾತಿಗೆ ಮಾತು ಸರಿ. ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ನನಗೂ ಒಂದು ನೆಪ ಇರುತ್ತಿತ್ತು. ಅವನು ಕಾರ್ಡು ಮುಂದೆ ಹಿಡಿದು, ಗುಳ್ಳೆ ಹೀಗೇ ಇದೆಯಾ ಎಂದು ಕೇಳಿದ. ಹೀಗೇ ಇದೆ ಎಂದೆ. ಅದು ಶುದ್ಧ ಸುಳ್ಳು.

ನಿನ್ನ ಇಂಟರ್‌ವ್ಯೂ ಕಾಗದ ಆಗ ಗಡಿಯಾರದ ಹಿಂದೆ ಇತ್ತು ಎಂಬುದು ನನಗೆ ಗೊತ್ತಿತ್ತು. ಹದಿನೈದನೇ ತಾರೀಖು ಎಂಬುದೂ. ಅಷ್ಟರಲ್ಲಿ ನೀನು ಎದ್ದು ಓಡಾಡುತ್ತೀ ಎಂಬುದೂ. ಅದನ್ನು ತಪ್ಪಿಸಬೇಕೆಂದು ಹೇಳಿದೆನೇ ಎಂದರೆ, ಹೂಂ ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ನಿನ್ನನ್ನು ಅವ್ವನಿಂದ ಎತ್ತಿ ಎಲ್ಲಿಗಾದರೂ ಒಯ್ಯಲಿ, ಹದಿನಾಲ್ಕು ದಿನ ಒಬ್ಬಳೇ ಮಲಗಲಿ ಎಂದು ಅನಿಸಿತು. ಇದು ಮಾತ್ರ ಖರೆ.

ನಾನು ಸಂಜೆಯ ಗಾಡಿಗೆ ಠಾಣೆಗೆ ಬಂದುಬಿಟ್ಟೆ. ಮರುದಿನ ಡಾಕ್ಟರು ಬಂದು, ನೀನು ಕೆರೆದುಕೊಂಡಿದ್ದರಿಂದ ಗುರುತು ಹತ್ತದೆ, ಹಕ್ಕಳೆ ತೆಗೆದು ತಪಾಸಣೆಗೆ ಕಳಿಸಿದ್ದು, ವರದಿ ಬರುವ ತನಕ ಬಾಗಿಲಿಗೆ ಕಾವಲು ಕೂರಿಸಿದ್ದು, ನಿನ್ನ ಜೊತೆ ಅವ್ವನನ್ನೂ ಒಳಗೇ ಇಟ್ಟದ್ದು, ಎಲ್ಲ ಅಪ್ಪನ ಕಾರ್ಡಿನಿಂದ ತಿಳಿಯಿತು. ಒಯ್ಯಲಿ ಎಂದು ಬಯಸಿದ್ದೆ. ಸರಕಾರ ನಿಮ್ಮಿಬ್ಬರನ್ನೂ ಒಟ್ಟಿಗೇ ಕೂಡಿಹಾಕಿತು.

ಹದಿನಾಲ್ಕಕ್ಕೆ ಬಂದೆನಲ್ಲ, ಕಾವಲಿನವನು ಬಿಡಲಿಲ್ಲ. ನಳದ ಹತ್ತಿರ ಉಡುಪಿಯ ಹರಿಣಾಕ್ಷಿ ಅಕ್ಕ ಹಿಡಿದುಕೊಂಡರು. "ಬಾ ಮಾರಾಯ್ತಿ, ಕಾಲೇಜು ಹುಡುಗಿ. ಇಡೀ ಚಾಳಿಗೆ ಸೂಜಿ ಚುಚ್ಚಿದ್ರು, ನನ್ನ ತೋಳು ನೋಡು, ಇಡ್ಲಿ ಉಬ್ಬಿದ ಹಾಗೆ ಉಬ್ಬಿದೆ. ನಮ್ಮವರ ಹೋಟ್ಲಿಗೆ ಗಿರಾಕಿ ಇಲ್ಲ. ನಿಮ್ಮ ಚಟ್ನಿಗೂ ದೇವಿ ಬಂದಿದ್ದಾಳಾ ಅಂತ ಕೇಳ್ತಾರೆ. ನಿನ್ನ ಅಮ್ಮ ಒಂದು ಮಾತು ಸರಿ ಹೇಳಿದ್ರೆ ಇದೆಲ್ಲ ಉಂಟಾ?" ಎಂದರು. ನಾನು ತಲೆ ಬಗ್ಗಿಸಿದೆ. ಪಾಪ, ಹುಡುಗಿಗೆ ಎಷ್ಟು ನಾಚಿಕೆ ಎಂದುಕೊಂಡಿರಬೇಕು. ಹೋಗುವಾಗ ಒಂದು ಪೊಟ್ಟಣ ಕೊಟ್ಟು, "ಅವಳಿಗೆ ಕಿಟಕಿಯಿಂದ ಕೊಡು, ಎಣ್ಣೆ ಹಾಕಿಲ್ಲ" ಎಂದರು.

ಕಿಟಕಿಯಲ್ಲಿ ನೀನು ಬಂದೆ. ಗುಳ್ಳೆ ಒಣಗಿತ್ತು. ನಾಳೆ ಇಂಟರ್‌ವ್ಯೂ ಎಂದು ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. "ನೀ ಸೂಜಿ ಚುಚ್ಚಿಸಿಕೊಂಡಿಯೇನು? ಪರೀಕ್ಷಾ ಹತ್ತರ ಬಂತು, ಈ ಕಡೆ ಬರಬ್ಯಾಡ" ಎಂದೆ. ಹಿಂದಿನಿಂದ ಅವ್ವ, "ನೀಲವ್ವ ಬಂದಾಳೇನು?" ಎಂದು ಕೂಗಿದಳು. ನಾನು ಗಾಡಿಗೆ ಹೊತ್ತಾಯಿತೆಂದು ಓಡಿದೆ. ನಾಲ್ಕು ಗಾಡಿ ಬಿಟ್ಟು ಐದನೆಯದನ್ನು ಹತ್ತಿದೆ.

ಇಪ್ಪತ್ತಕ್ಕೆ ವರದಿ ಬಂತು, ಕಾಂಜಿಣ್ಯಾ ಎಂದು. ಕಾವಲು ಎದ್ದಿತು. ಅವ್ವನ ಮೇಲಿನ ಮಾತು ಮಾತ್ರ ಚಾಳಿನಲ್ಲಿ ಇನ್ನೂ ನಿಂತಿಲ್ಲ.

ನೀನು ಮರಾಠಿ ಶಾಲೆಯಲ್ಲಿ ಕಲಿತವಳು, ನನಗಿಂತ ಎಷ್ಟೋ ಪಾಲು ಚೆನ್ನಾಗಿ ಬರುತ್ತದೆ. ಹೊಸ್ತಿಲು ಆರು ಹೆಜ್ಜೆ ದೂರ. ಆವತ್ತು ನನ್ನ ಮಾತು ನಿನಗೆ ಕೇಳಿಸಿತ್ತೋ, ಜ್ವರದಲ್ಲಿ ಇದ್ದೆಯೋ, ನನಗೆ ಗೊತ್ತಿಲ್ಲ. ಕೇಳಿಯೂ ಸುಮ್ಮನಿದ್ದರೆ, ಅದಕ್ಕೂ ನನಗೆ ಸಿಟ್ಟು ಬರುತ್ತದೆ. ನನಗಿಂತ ನೀನು ಒಳ್ಳೆಯವಳಾಗಿರುವುದನ್ನು ನಾನು ಹನ್ನೊಂದು ವರ್ಷ ಸಹಿಸಿದ್ದೇನೆ.

ಈಗ ಕೆಲಸದ ಮಾತು. ಗುರುವಾರ ನಾನು ಆರೋಗ್ಯ ಖಾತೆಯ ಕಚೇರಿಗೆ ಹೋಗಿ, ತಪ್ಪು ಮಾಹಿತಿಯಿಂದ ನಿನ್ನನ್ನು ಹದಿಮೂರು ದಿನ ಮನೆಯಲ್ಲಿ ಇರಿಸಿದ್ದರು ಎಂದು ಪತ್ರ ಬರೆಸಿಕೊಂಡೆ. ಮಾಹಿತಿ ಯಾರು ಕೊಟ್ಟರು ಎಂದು ಗುಮಾಸ್ತರು ಕೇಳಿದರು. ನೀಲಾಂಬಿಕಾ ಶಿವಪುತ್ರಪ್ಪ ಎಂದು ಬರೆಸಿ ಸಹಿ ಮಾಡಿದ್ದೇನೆ. ಅವರು ಕನ್ನಡಕದ ಮೇಲಿಂದ ನೋಡಿ, "ಶಿಕಲೇಲೀ ದಿಸತೇಸ" ಎಂದರು, ಕಲಿತವಳ ಹಾಗೆ ಕಾಣುತ್ತೀ ಎಂದು. ಆ ಪತ್ರ ತೆಗೆದುಕೊಂಡು ಟೆಲಿಫೋನ್ ಕಚೇರಿಗೆ ಹೋದೆ. ಇಂಥ ಕಾರಣಕ್ಕೆ ತಪ್ಪಿದವರನ್ನು ಇನ್ನೊಂದು ಸಲ ಕರೆಯಬಹುದು, ಆದರೆ ಈ ತಿಂಗಳ ಹದಿನೈದರೊಳಗೆ ನಿನ್ನ ಅರ್ಜಿ ಬೇಕು ಎಂದರು. ಖಾತ್ರಿ ಕೊಡಲಿಲ್ಲ. ಅರ್ಜಿ ಟೈಪ್ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ. ಓದಿ, ಸಹಿ ಮಾಡಿ ಕಳಿಸು. ನಾನೇ ಒಯ್ದು ಕೊಡುತ್ತೇನೆ. ನನ್ನ ಮೇಲೆ ಭರವಸೆ ಬಾರದಿದ್ದರೆ ಅಪ್ಪನ ಕೈಯಲ್ಲಿ ಕಳಿಸು.

ಅವ್ವನಿಗೆ ಹೇಳಬೇಕಾದವಳು ನಾನೇ. ಪರೀಕ್ಷೆ ಮುಗಿದ ದಿನವೇ ಬರುತ್ತೇನೆ. ಅಷ್ಟರೊಳಗೆ ಅವಳು ಉಣ್ಣುವುದನ್ನು ಬಿಟ್ಟರೆ ಕಾಯಬೇಡ, ನೀನೇ ಹೇಳಿಬಿಡು. ಮೈ ಹುಷಾರಾಗಿ ನೋಡಿಕೊ. ನಿನಗೆ ಒಳ್ಳೆಯದಾಗಲಿ, ಆ ಕೆಲಸ ನಿನಗೇ ಸಿಗಲಿ. ಇದನ್ನು ಪೂರ್ತಿ ಮನಸ್ಸಿನಿಂದ ಬರೆದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಮುಕ್ಕಾಲು ಮನಸ್ಸಿನಿಂದ ಬರೆದಿದ್ದೇನೆ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ಇಂತು ನಿನ್ನ
ನೀಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬೆಳಗಾವಿಗೆ ಮೊದಲೆರಡು ವರ್ಷ ಅಪ್ಪನ ಕೈಯ ಕಾಗದ ಬರುತ್ತಿತ್ತು, ಅವನು ನಿನಗೆ ಕನ್ನಡ ಬರೆಯಲು ಕಲಿಸಿದ ಮೇಲೆಲ್ಲ ಅವ್ವನ ಹೆಸರಿನಲ್ಲಿ ನಿನ್ನ ಅಕ್ಷರ. ಪ್ರತಿ ಕಾಗದದ ಕೊನೆಗೆ ಒಂದು ಸಾಲು ಇರುತ್ತಿತ್ತು: 'ನೀಲವ್ವಾ, ಎರಡು ರೊಟ್ಟಿ ಹೆಚ್ಚಿಗಿ ಬಡೀತೀನಿ, ಆಮ್ಯಾಲೆ ನೀ ಇಲ್ಲಂತ ನೆನಪಾಗ್ತದ.' ಆ ಸಾಲಿಗಾಗಿಯೇ ನಾನು ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆ. ಯುಗಾದಿಯ ದಿನ ಅವ್ವನಿಗೆ ಅದನ್ನು ನೆನಪಿಸಿದೆ. ಅವಳು, "ನಾ ಏನ್ ಬರಸ್ತಿದ್ನೆವಾ, ಆರಾಮ ಅದೀವಿ ಅಂತ ಬರಿ ಅಂತಿದ್ದೆ. ಉಳಿದದ್ದು ಕಾಶೀನ ಬರೀತಿದ್ಲು" ಎಂದಳು. ಆ ಸಾಲು ಅವ್ವ ಹೇಳಿದ್ದೋ, ನೀನೇ ಬರೆದದ್ದೋ? ಯಾವುದಾದರೂ ಸರಿ, ಇದ್ದದ್ದು ಇದ್ದ ಹಾಗೆ ಹೇಳು. ಬೇಗ ಉತ್ತರ ಬರೆ.