ನೀರು ಕುಡಿದು ಕಾಯುವ ಹೆಂಗಸರ ಬೆಂಚನ್ನು ಕೀಳಿಸಿದವರಿಗೆ

ಮಾನ್ಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ವಿಕಿರಣ ವಿಭಾಗದ ಹೊರಗಿದ್ದ ಉದ್ದನೆಯ ಮರದ ಬೆಂಚನ್ನು ನೀವು ಕೀಳಿಸಿ ಹಾಕಿದಿರಿ. ಅದರಿಂದಾಗಿ ಒಬ್ಬ ಹೆಂಗಸು ಕ್ಯಾನ್ಸರ್ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಮನೆ ಸೇರಿದ್ದಾಳೆ. ಈ ಎರಡಕ್ಕೂ ಏನೇನೂ ಸಂಬಂಧವಿಲ್ಲ ಎಂದು ನಿಮ್ಮ ಕೋಣೆಯಲ್ಲಿ, ನನಗೆ ಕುಳಿತುಕೊಳ್ಳಲೂ ಹೇಳದೆ, ನೀವು ವಿವರಿಸಿದಿರಿ. ಸಂಬಂಧ ಏನೆಂದು ಊರಿಗೆಲ್ಲ ಕೇಳುವಂತೆ ವಿವರಿಸುವುದು ಈಗ ನನ್ನ ಸರದಿ.

ಆ ಬೆಂಚಿನ ಮೇಲೆ ಯಾರು ಕೂರುತ್ತಿದ್ದರು ಎಂಬುದನ್ನು ಮೊದಲು ಹೇಳುತ್ತೇನೆ. ಗರ್ಭಕಂಠದ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಆದವರು. ಈ ಪದಗಳನ್ನು ನೋಡಿ ಮುಖ ಸಿಂಡರಿಸುವವರು ಪತ್ರಿಕೆಯ ಪುಟ ತಿರುಗಿಸಲಿ, ನನ್ನ ಅಭ್ಯಂತರವಿಲ್ಲ. ಇವರಿಗೆ ವಿಕಿರಣ ಕೊಡುವಾಗ ಮೂತ್ರಕೋಶ ತುಂಬಿರಬೇಕು. ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದಂತೆ. ಹಾಗಾಗಿ ಪ್ರತಿದಿನ ಇವರು ಬಾಟಲಿ ತುಂಬ ನೀರು ಕುಡಿದು, ಹೊಟ್ಟೆ ಬಿಗಿಹಿಡಿದು, ತಮ್ಮ ಹೆಸರು ಕರೆಯುವವರೆಗೆ ಕಾಯುತ್ತಾರೆ. ಯಂತ್ರ ಕೈಕೊಟ್ಟರೆ ಇನ್ನೂ ಕಾಯುತ್ತಾರೆ. ತಡೆಯಲಾರದೆ ಎದ್ದು ಹೋದರೆ ಮತ್ತೆ ಬಾಟಲಿ ಎತ್ತಬೇಕು. ಮಾನ್ಯರೇ, ನೀವು ಸಭೆಯೊಂದರಲ್ಲಿ ಹೀಗೆ ಕೂತು ನೋಡಿ. ಮಧ್ಯದಲ್ಲಿ ಯಾರಾದರೂ ದೀರ್ಘ ಭಾಷಣ ಶುರುಮಾಡಲಿ ಎಂದು ಹಾರೈಸುತ್ತೇನೆ.

ನನ್ನ ಅತ್ತೆ, ನಮ್ಮ ಅಪ್ಪನ ತಂಗಿ, ಆ ಬೆಂಚಿನವಳು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮೈದಾನದ ಆ ತುದಿಯಲ್ಲಿ ಸಾಲು ತಪ್ಪಿದ ಹುಡುಗಿಯನ್ನು ಈ ತುದಿಯಿಂದಲೇ ನಿಲ್ಲಿಸುವ ಗಂಟಲು ಅವಳದು. ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿದ ದಿನದಿಂದ ಆ ಗಂಟಲು ಅಡಗಿತು. ಮನೆಯಲ್ಲಿ ಅದಕ್ಕೆ 'ಆ ಪ್ರಾಬ್ಲಮ್' ಎಂದು ಹೆಸರಾಯಿತು. ಶಾಲೆಗೆ ಸೊಂಟ ನೋವು ಎಂದು ತಿಳಿಸಲಾಯಿತು. ಮಾವ ಹಾಸಿಗೆ ಸುತ್ತಿಕೊಂಡು ಹಾಲ್‌ಗೆ ಹೋದರು. "ಅವಳಿಗೆ ರೆಸ್ಟ್ ಬೇಕಲ್ವಾ" ಎಂದರು. ಕುಡಿಯುವ ಲೋಟವನ್ನೂ ಬೇರೆ ಮಾಡಿಕೊಂಡರು. ಲೋಟಕ್ಕೂ ರೆಸ್ಟ್ ಬೇಕಿತ್ತೇನೋ.

ಮೊದಲ ಕೆಲವು ದಿನ ಅತ್ತೆ ಬೆಂಚಿನ ತುದಿಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದಳು. ಜೊತೆಗೆ ಹೋಗುತ್ತಿದ್ದ ನಾನು ಎದುರು ನಿಂತಿರುತ್ತಿದ್ದೆ. ಒಂದು ದಿನ ಪಕ್ಕದಲ್ಲಿದ್ದ ಹೆಂಗಸು, ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿದಳು.

"ಏನು ತೊಂದರೆ ಟೀಚರೇ?"

"ಸೊಂಟ ನೋವು."

"ಸೊಂಟ ನೋವಿಗೆ ಇಲ್ಲಿ ಯಾರೂ ಬಾಟಲಿ ಕೊಡಲ್ಲ. ನಾನೂ ಡಿಪೋದಲ್ಲಿ ಮಂಡಿ ನೋವು ಅಂದಿದೀನಿ, ಬಿಡಿ. ನೀವು ಸ್ವಲ್ಪ ಮೇಲೆ ಹೇಳಿದ್ರಿ, ನಾನು ಸ್ವಲ್ಪ ಕೆಳಗೆ ಹೇಳಿದೆ."

ಅತ್ತೆ ನಕ್ಕಳು. ನಕ್ಕಿದ್ದಕ್ಕೆ ಎದ್ದು ಓಡಬೇಕಾಯಿತು, ಸರದಿ ತಪ್ಪಿತು, ಒಳಗಿನ ತಂತ್ರಜ್ಞ ಗದರಿದ. ಮನೆಗೆ ಬಂದ ಮೇಲೆ ಇದನ್ನು ಅವಳು ಪದಕ ಗೆದ್ದು ಬಂದವಳ ಹಾಗೆ ಹೇಳಿಕೊಂಡಳು. ಎಷ್ಟೋ ದಿನಗಳ ಮೇಲೆ ಅಡುಗೆಮನೆಯಲ್ಲಿ ಅವಳ ದನಿ ಕೇಳಿಸಿತು.

ಅಲ್ಲಿಂದ ಮುಂದೆ ಆ ಬೆಂಚಿನಲ್ಲಿ ನಾನು ಕೇಳಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮಾವನ ವಿಷಯ ಅತ್ತೆ ಹೇಗೋ ಬಾಯಿಬಿಟ್ಟಾಗ ಕಂಡಕ್ಟರ್ ಹೇಳಿದಳು: "ನಮ್ಮೋರೂ ಹಾಲ್‌ಗೆ ಹೋಗಿದ್ರು. ಒಂದಿನ ಎಳ್ಕೊಂಡ್ ಬಂದು ಡಾಕ್ಟ್ರ ಮುಂದೆ ಕೂರಿಸ್ದೆ. ಇದು ಅಂಟುತ್ತಾ, ಇವರೆದುರಿಗೇ ಹೇಳ್ಬಿಡಿ ಅಂದೆ. ಇಲ್ಲಮ್ಮ ಅಂದ್ರು. ಅವತ್ತೇ ಹಾಸಿಗೆ ವಾಪಸ್ ಬಂತು. ಗೊರಕೆನೂ ಬಂತು, ಅದೊಂದೇ ಬೇಜಾರು." ಮರುವಾರ ನಮ್ಮ ಮಾವನೂ ಡಾಕ್ಟರ ಮುಂದೆ ಕೂತರು. ಈಗ ಇಬ್ಬರ ಲೋಟವೂ ಒಂದೇ ಸ್ಟ್ಯಾಂಡಿನಲ್ಲಿದೆ.

ಚಿಕಿತ್ಸೆ ಮುಗಿಸಿ ತಪಾಸಣೆಗೆ ಮಾತ್ರ ಬರುತ್ತಿದ್ದ ಒಬ್ಬ ಅಜ್ಜಿಯೂ ಇದ್ದಳು. ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಕಡಿಮೆ ಸಂಕೋಚದವಳು. ಚಿಕಿತ್ಸೆಯ ಕೊನೆಗೆ ಆಸ್ಪತ್ರೆಯವರು ಒಂದು ಕೊಳವೆಯಂಥ ಸಾಧನ ಕೊಡುತ್ತಾರೆ. ವಿಕಿರಣದಿಂದ ಯೋನಿಯ ಗೋಡೆಗಳು ಬಿಗಿದು ಅಂಟಿಕೊಳ್ಳದ ಹಾಗೆ ಅದನ್ನು ಬಳಸಬೇಕು. ಒಬ್ಬಾಕೆ ಅದನ್ನು ಪೊಟ್ಟಣ ಬಿಚ್ಚದೆ ಬೀರುವಿನಲ್ಲಿ ಬಟ್ಟೆಗಳ ಹಿಂದೆ ತುರುಕಿಟ್ಟಿದ್ದಳು. ಅಜ್ಜಿ ದನಿ ತಗ್ಗಿಸದೆ ಹೇಳಿದಳು: "ಅದು ಔಷಧಿ ಕಣೇ, ಪಾಪದ ವಸ್ತು ಅಲ್ಲ. ಹೊರಗೆ ತೆಗಿ. ಇಲ್ಲಾಂದ್ರೆ ನಾಳೆ ಡಾಕ್ಟ್ರು ಪರೀಕ್ಷೆ ಮಾಡ್ಬೇಕು ಅಂದ್ರೂ ದಾರಿ ಇರಲ್ಲ. ನಾನು ಈ ವಯಸ್ಸಲ್ಲಿ ಮಾಡ್ತಿಲ್ವಾ? ನನ್ನ ಮದುವೆ ಏನೂ ಬಾಕಿ ಇಲ್ಲ."

ನಿಮಗೆ ಬಂದ ದೂರು ಈ ಮಾತಿನ ಮೇಲೆಯೇ. ಯಾರದೋ ಕಡೆಯ ಗಂಡಸೊಬ್ಬ ಇದನ್ನು ಕೇಳಿಸಿಕೊಂಡು, ಕಾರಿಡಾರಿನಲ್ಲಿ ಅಸಭ್ಯ ಸಂಭಾಷಣೆ ನಡೆಯುತ್ತಿದೆ ಎಂದು ಬರೆದುಕೊಟ್ಟ. ನೀವು ಎಷ್ಟು ಚುರುಕು ಮಾನ್ಯರೇ. ಹೆಂಗಸರ ಶೌಚಾಲಯದ ಚಿಲಕ ಸರಿಮಾಡಿಸಿ ಎಂದು ಅತ್ತೆ ಮೂರು ಸಲ ಕೇಳಿದ್ದಳು, ಅದು ಇಂದಿಗೂ ನೇತಾಡುತ್ತಿದೆ. ಬೆಂಚು ಮಾತ್ರ ಒಂದೇ ಭಾನುವಾರದಲ್ಲಿ ಮಾಯವಾಯಿತು. ಅದರ ಜಾಗದಲ್ಲಿ ಒಂದಕ್ಕೊಂದು ದೂರ ದೂರ, ಎಲ್ಲವೂ ಟಿವಿಯ ಕಡೆ ಮುಖ ಮಾಡಿದ, ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳು. ಗೋಡೆಯ ಮೇಲೆ ಫಲಕ: 'ರೋಗಿಗಳು ಪರಸ್ಪರ ರೋಗದ ವಿಷಯ ಚರ್ಚಿಸಬಾರದು.' ಕಂಡಕ್ಟರ್ ಅದನ್ನು ಓದಿ, "ಹಂಗಾದ್ರೆ ಆರೋಗ್ಯದ ವಿಷಯ ಮಾತಾಡೋಣ್ವಾ, ಯಾರ ಹತ್ರ ಇದೆ?" ಎಂದಳು. ಆದರೆ ಅಷ್ಟು ದೂರದ ಕುರ್ಚಿಗೆ ಕೂಗಿ ಹೇಳುವ ಮಾತುಗಳಲ್ಲ ಅವು. ದಿನ ಕಳೆದಂತೆ ಎಲ್ಲರೂ ಟಿವಿ ನೋಡತೊಡಗಿದರು.

"ಇದು ಆಸ್ಪತ್ರೆ, ಹರಟೆಕಟ್ಟೆಯಲ್ಲ. ಇವರು ಒಬ್ಬರಿಗೊಬ್ಬರು ತಪ್ಪು ಮಾಹಿತಿ ಕೊಟ್ಟು ಹೆದರಿಸುತ್ತಾರೆ" ಎಂದಿರಿ ನೀವು. ತಪ್ಪು ಮಾಹಿತಿ ಬಂದದ್ದುಂಟು, ನಾನು ಮುಚ್ಚಿಡುವುದಿಲ್ಲ. ಒಬ್ಬಾಕೆ ಯಾವುದೋ ಸೊಪ್ಪಿನ ರಸ ಕುಡಿದರೆ ಗಡ್ಡೆ ಕರಗುತ್ತದೆ, ವಿಕಿರಣವೇ ಬೇಡ ಎಂದಳು. ಇಡೀ ಬೆಂಚು ಅವಳ ಮೇಲೆ ಬಿತ್ತು. ಅತ್ತೆ ಅವಳ ರಟ್ಟೆ ಹಿಡಿದು, ಮೈದಾನದಲ್ಲಿ ಹುಡುಗಿಯರನ್ನು ನಡೆಸುವ ಹಾಗೆ, ಡಾಕ್ಟರ ಬಾಗಿಲಿಗೆ ನಡೆಸಿಕೊಂಡು ಹೋದಳು. ನಿಮ್ಮ ಡಾಕ್ಟರಿಗಿಂತ ತಾವು ಹೆಚ್ಚು ಬಲ್ಲೆವೆಂದು ಆ ಬೆಂಚು ಎಂದೂ ಹೇಳಿರಲಿಲ್ಲ. ಆಸ್ಪತ್ರೆಯ ಹೊರಗಿನ ದಿನವನ್ನು, ಅಂದರೆ ಬಚ್ಚಲನ್ನು, ಹಾಸಿಗೆಯನ್ನು, ನೆಂಟರ ಪ್ರಶ್ನೆಗಳನ್ನು ದಾಟುವುದು ಹೇಗೆಂದು ಅದು ಹೇಳಿಕೊಡುತ್ತಿತ್ತು. ಆ ಪಾಠಕ್ಕೆ ನಿಮ್ಮಲ್ಲಿ ಯಾವ ವಿಭಾಗವಿದೆ?

ಇದೆ ಎನ್ನುತ್ತೀರಿ. ನಿಮ್ಮ 'ಬೆಂಬಲ ಬಳಗ'ದ ಉದ್ಘಾಟನೆಗೆ ನಾನೂ ಬಂದಿದ್ದೆ. ವೇದಿಕೆಯ ಮೇಲೆ ಹೂಗುಚ್ಛ ಹಿಡಿದ ಗಣ್ಯರು. ಅವರಲ್ಲಿ ಯಾರಿಗೂ ಆ ಕಾಯಿಲೆ ಇರಲಿಲ್ಲ, ಅದು ಸಂತೋಷದ ಸಂಗತಿ. ಕಾಯಿಲೆ ಇದ್ದವರು ಕೆಳಗೆ ಕೂತು ಚಪ್ಪಾಳೆ ತಟ್ಟಿದರು. ಕೊನೆಗೆ ಗಣ್ಯರೊಬ್ಬರು ಇನ್ನೂರು ಜನರ ಮುಂದೆ ಮೈಕು ಹಿಡಿದು, "ಮಹಿಳೆಯರೇ, ಏನಾದರೂ ಪ್ರಶ್ನೆಗಳಿದ್ದರೆ ಧೈರ್ಯವಾಗಿ ಕೇಳಿ" ಎಂದರು. ಯಾರೂ ಕೇಳಲಿಲ್ಲ. ಪ್ರಶ್ನೆಗಳೇ ಇಲ್ಲವೆಂದು ನಿಮ್ಮ ವರದಿಯಲ್ಲಿ ಸೇರಿತೇ?

ಇನ್ನು ರೋಗಿಗಳಿಗೆಂದು ನೀವು ಹಂಚುವ ಕೈಪಿಡಿ. ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ಅಚ್ಚುಕೂಟದಲ್ಲಿ ಕಾಗದ ಮಡಿಸುವ ಕೆಲಸ, ಮಡಿಸುವ ಕರಪತ್ರಗಳನ್ನೆಲ್ಲ ಓದಿಯೇ ನಾಲ್ಕು ವಿಷಯ ಕಲಿತದ್ದು. ಅವುಗಳಲ್ಲಿ ಕೂಗಾಟವಿರುತ್ತದೆ, ಕಾಗುಣಿತ ತಪ್ಪಿರುತ್ತದೆ. ಆದರೆ ಕೂಲಿಯ ಬಗ್ಗೆ ಬರೆದ ಕರಪತ್ರ ಕೂಲಿ ಎಂಬ ಪದವನ್ನು ನುಂಗುವುದಿಲ್ಲ. ನಿಮ್ಮ ಕೈಪಿಡಿಯಲ್ಲಿ ಯೋನಿ ಎಂಬ ಪದ ಒಂದು ಕಡೆಯೂ ಇಲ್ಲ. 'ಸಂಬಂಧಿತ ಭಾಗ' ಎಂದಿದೆ. ಕೊನೆಯ ಪುಟದಲ್ಲಿ, 'ಸಂದೇಹಗಳಿದ್ದಲ್ಲಿ ಕುಟುಂಬದವರೊಂದಿಗೆ ಮುಕ್ತವಾಗಿ ಚರ್ಚಿಸಿ' ಎಂದಿದೆ. ಕುಟುಂಬದವರು ಹಾಲ್‌ನಲ್ಲಿ ಮಲಗಿದ್ದಾರೆ ಮಾನ್ಯರೇ.

ಈಗ ಆ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಅವಳ ಹೆಸರು ನಮಗೆ ಗೊತ್ತಿಲ್ಲ; ಹೊಸಬಳು ಎನ್ನುತ್ತೇವೆ. ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಎಂದಷ್ಟೇ ಗೊತ್ತು. ಬೆಂಚು ಹೋದ ಮರುದಿನ ಚಿಕಿತ್ಸೆಗೆ ಸೇರಿದವಳು. ಕೊನೆಯ ಕುರ್ಚಿಯಲ್ಲಿ ಕೂತು ಟಿವಿ ನೋಡಿ ಹೋಗುತ್ತಿದ್ದಳು. ಅತ್ತೆಯ ಚಿಕಿತ್ಸೆಯ ಕೊನೆಯ ವಾರದಲ್ಲಿ ಇಬ್ಬರೂ ಕೈತೊಳೆಯುವ ನಲ್ಲಿಯ ಹತ್ತಿರ ಎದುರಾದರು. ಹೊಸಬಳ ಮುಖ ಬಿಳಿಚಿಕೊಂಡಿತ್ತು. ಭೇದಿ ನಿಲ್ಲುತ್ತಿಲ್ಲ, ಮೂತ್ರ ಉರಿಯುತ್ತದೆ ಎಂದಳು.

"ಕಾಯಿಲೆ ಹೊಟ್ಟೆಗೂ ಹಬ್ಬಿದೆ ಅಕ್ಕಾ. ಇವರು ನನ್ನಿಂದ ಮುಚ್ಚಿಡ್ತಿದಾರೆ. ಒಳಗಿರೋರನ್ನ ಕೇಳಿದ್ರೆ ಡಾಕ್ಟ್ರನ್ನ ಕೇಳಿ ಅಂತಾರೆ, ಡಾಕ್ಟ್ರು ಸಿಗೋದು ಗುರುವಾರ. ಸಾಯೋದೇ ಆದ್ರೆ ಸುಟ್ಕೊಂಡು ಯಾಕೆ ಸಾಯ್ಬೇಕು?"

ಅಷ್ಟರಲ್ಲಿ ಅತ್ತೆಯನ್ನು ಕರೆದರು. ಮೂತ್ರಕೋಶ ತುಂಬಿದವಳು ಸರದಿ ಬಿಟ್ಟುಕೊಡುವ ಹಾಗಿಲ್ಲ. "ಇಲ್ಲೇ ಇರು, ಈಗ ಬಂದೆ. ನನಗೂ ಹೀಗೇ ಆಗಿತ್ತು, ಹೇಳ್ತೀನಿ" ಎಂದು ಒಳಗೆ ಹೋದಳು. ಹೊರಗೆ ಬಂದಾಗ ಕುರ್ಚಿ ಖಾಲಿ. ಮರುದಿನವೂ ಖಾಲಿ. ಆ ವಾರವೆಲ್ಲ ಖಾಲಿ.

ಆ ಬೆಂಚು ಇದ್ದಿದ್ದರೆ ಭೇದಿಯ ಮಾತು ಮೊದಲ ದಿನವೇ ಹೊರಬೀಳುತ್ತಿತ್ತು. ಅದು ವಿಕಿರಣದಿಂದ ಆಗುವಂಥದ್ದು, ಅದಕ್ಕೆ ಮಾತ್ರೆ ಕೊಡುತ್ತಾರೆ, ಏಳು, ಈಗಲೇ ನರ್ಸಿಗೆ ಹೇಳೋಣ ಎನ್ನಲು ಎಡಕ್ಕೊಬ್ಬಳು ಬಲಕ್ಕೊಬ್ಬಳು ಇರುತ್ತಿದ್ದಳು. ಈ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಏನಾಗುತ್ತದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವಳ ಒಂದೊಂದು ದಿನವೂ ಸೋರಿಹೋಗುತ್ತಿದೆ.

ಅದಕ್ಕೇ ನಾನು ನಿಮ್ಮ ಕೋಣೆಗೆ ಬಂದದ್ದು. ಅವಳ ಫೋನ್ ನಂಬರನ್ನು ನಾನು ಕೇಳಲಿಲ್ಲ. ನೀವೇ ಫೋನು ಮಾಡಿಸಿ, ಇದನ್ನು ಅನುಭವಿಸಿದ ಹೆಂಗಸೊಬ್ಬಳು ನಿನ್ನ ಜೊತೆ ಮಾತಾಡಬೇಕೆಂದಿದ್ದಾಳೆ ಎಂದಷ್ಟು ಹೇಳಿಸಿ ಎಂದೆ. "ರೋಗಿಯ ಗೋಪ್ಯತೆ" ಎಂದಿರಿ. ನಿಮ್ಮ ಕೌಂಟರಿನಲ್ಲಿ ಪ್ರತಿ ಬೆಳಗ್ಗೆ "ಗರ್ಭಕಂಠ ಯಾರಮ್ಮಾ, ಮುಂದೆ ಬನ್ನಿ" ಎಂದು ಕೂಗುತ್ತಾರಲ್ಲ, ಆಗ ಆ ಗೋಪ್ಯತೆ ತಿಂಡಿಗೆ ಹೋಗಿರುತ್ತದೆಯೇ? ಇಡೀ ಕಾರಿಡಾರಿಗೆ ತಿಳಿಯಬಹುದು, ಪಕ್ಕದ ಕುರ್ಚಿಯ ಹೆಂಗಸಿಗೆ ಮಾತ್ರ ತಿಳಿಯಕೂಡದು. ನಿಮ್ಮ ಕಡೆಯಿಂದ ಅವಳಿಗೆ ಒಂದು ಕರೆ ಹೋಗಿದೆ ಎಂದು ಆಮೇಲೆ ನಿಮ್ಮ ಕೌಂಟರಿನವರಿಂದಲೇ ತಿಳಿಯಿತು: 'ನೀವು ಗೈರುಹಾಜರಾಗಿದ್ದೀರಿ, ಮುಂದಿನದಕ್ಕೆ ಆಸ್ಪತ್ರೆ ಹೊಣೆಯಲ್ಲ.' ಸಾವಿಗೆ ಹೆದರಿ ಕೂತವಳಿಗೆ ಇದಕ್ಕಿಂತ ಒಳ್ಳೆಯ ಸಾಂತ್ವನ ಬೇರೇನು ಬೇಕು?

ನನ್ನ ಬೇಡಿಕೆಗೆ ಆಯೋಗ ಬೇಡ, ಅನುದಾನ ಬೇಡ. ಆ ಬೆಂಚು ನಿಮ್ಮ ಶೆಡ್ಡಿನಲ್ಲಿ ಮುರಿದ ಮಂಚಗಳ ಮೇಲೆ ಮಗುಚಿ ಬಿದ್ದಿದೆ, ನಾನು ಕಿಟಕಿಯಿಂದ ನೋಡಿದ್ದೇನೆ. ಅದನ್ನು ಹೊರಗೆ ತನ್ನಿ. ಫಲಕವನ್ನು ಕೆಳಗಿಳಿಸಿ. ಹೊಸದಾಗಿ ಈ ಕಾಯಿಲೆ ಪತ್ತೆಯಾದ ಪ್ರತಿಯೊಬ್ಬ ಹೆಂಗಸಿಗೂ, ಅವಳಿಗೆ ಇಷ್ಟವಿದ್ದರೆ, ಅದನ್ನು ದಾಟಿದ ಇನ್ನೊಬ್ಬ ಹೆಂಗಸನ್ನು ಮೊದಲ ವಾರದಲ್ಲೇ ಭೇಟಿ ಮಾಡಿಸಿ. ಮತ್ತು ಎಲ್ಲಕ್ಕಿಂತ ಮೊದಲು, ಇವತ್ತೇ, ಹೊಸಬಳಿಗೆ ಫೋನು ಮಾಡಿ. ಹೊಣೆಯ ಮಾತು ಬಿಟ್ಟು ಡಾಕ್ಟರ ಕೈಯಲ್ಲಿ ಮಾತಾಡಿಸಿ. ಅತ್ತೆ ಕಾಯುತ್ತಾಳೆಂದೂ ಹೇಳಿಸಿ.

ಡಾಕ್ಟರು ಸಿಗುವ ಈ ಗುರುವಾರ ನಾವೆಲ್ಲ ಬರುತ್ತೇವೆ. ಅತ್ತೆ ಆ ದಿನಕ್ಕೆ ಶಾಲೆಗೆ ರಜೆ ಹಾಕಿದ್ದಾಳೆ. ಈ ಸಲ ಮುಖ್ಯೋಪಾಧ್ಯಾಯಿನಿಗೆ ಸೊಂಟದ ಹೆಸರು ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಂಡಕ್ಟರ್ ಡ್ಯೂಟಿ ಬದಲಾಯಿಸಿಕೊಂಡಿದ್ದಾಳೆ. ಅಜ್ಜಿಗೆ ತಪಾಸಣೆ ಇಲ್ಲ, ಆದರೂ ಬರುತ್ತಾಳೆ. ಬೆಂಚು ಇದ್ದರೆ ಬೆಂಚಿನ ಮೇಲೆ, ಇಲ್ಲದಿದ್ದರೆ ನಿಮ್ಮ ಕುರ್ಚಿಗಳ ನಡುವಿನ ಆ ವಿಶಾಲವಾದ ನೆಲದ ಮೇಲೆ ಕೂರುತ್ತೇವೆ. ತಡೆಯಬೇಕೆನಿಸಿದರೆ ನೀವೇ ಬಂದು ತಡೆಯಿರಿ. ಕಾವಲುಗಾರನ ಮುಖಾಂತರ ಬೇಡ, ಅವನ ಹೆಂಡತಿಯೂ ನಮ್ಮ ಜೊತೆಗಿದ್ದವಳು.

ಹೊಸಬಳೇ, ಈ ಪತ್ರ ನಿನ್ನ ಕಣ್ಣಿಗೆ ಬಿದ್ದರೆ, ಅಧೀಕ್ಷಕರ ಕರೆಗೆ ಕಾಯಬೇಡ. ಮೂರನೇ ವಾರದಲ್ಲಿ ಅತ್ತೆಗೂ ಭೇದಿಯಾಗಿತ್ತು, ಅವಳಿಗೂ ಉರಿಯಾಗಿತ್ತು, ಮಾತ್ರೆಯಿಂದ ಹಿಡಿತಕ್ಕೆ ಬಂತು. ನಿನ್ನದೂ ಅದೇ ಹೌದೋ ಅಲ್ಲವೋ ಎಂದು ನಾವು ಹೇಳಲಾರೆವು, ಡಾಕ್ಟರ ಬಾಯಿಂದಲೇ ಹೇಳಿಸೋಣ. ಬಾಗಿಲವರೆಗೆ ನಿನ್ನ ಜೊತೆ ನಾಲ್ಕು ಜನ ಇರುತ್ತೇವೆ. ಗುರುವಾರ, ಬೆಳಗ್ಗೆ ಹತ್ತು ಗಂಟೆ, ವಿಕಿರಣ ವಿಭಾಗದ ಹೊರಗೆ.

ಇಂತಿ,
ತಮ್ಮ ವಿಧೇಯಳಾಗುವುದು ಹೇಗೆಂದು ಇನ್ನೂ ಕಲಿಯದ,
ಆ ಟೀಚರಮ್ಮನ ಸೋದರ ಸೊಸೆ