ಗಂಟೆಕೋಣೆಯಿಂದ ಕಣ್ಣಿನ ಪಟದ ವಿಚಾರ

ಶಾಲೆಯ ಗಂಟೆಕೋಣೆ
ಹನ್ನೊಂದನೇ ತಾರೀಕು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ತರಬೇತಿಯ ಗಡಿಬಿಡಿಯಲ್ಲಿ ಊಟ ಬಿಡುತ್ತಿಲ್ಲ ತಾನೇ? ಆ ದೊಡ್ಡಾಸ್ಪತ್ರೆಯಲ್ಲಿ ಇಡೀ ದಿನ ನಿಂತೇ ಇರಬೇಕಂತೆ. ನಿನ್ನ ಕಾಲುನೋವು ನೆನೆದು ನಿಮ್ಮಮ್ಮ ನನ್ನ ಮೇಲೆ ರೇಗುತ್ತಾಳೆ. ನಾವು ಚೆನ್ನಾಗಿದ್ದೇವೆ. ಮೊನ್ನೆ ಹತ್ತು ನಿಮಿಷ ಮೊದಲೇ ಗಂಟೆ ಹೊಡೆದು ಹೆಡ್ ಮೇಡಂ ಹತ್ತಿರ ಬೈಸಿಕೊಂಡೆ. ಗಡಿಯಾರಕ್ಕೆ ವಯಸ್ಸಾಯಿತು ಅಂದುಬಿಟ್ಟೆ.

ಶನಿವಾರ ಪುರಸಭೆಯಲ್ಲಿ ಶಾಲೆ ಸುಧಾರಣೆ, ಆರೋಗ್ಯ ಅಂತ ಸಭೆಯಿತ್ತು. ಇಂಥ ಕಡೆ ನಾನು ಮನೆಯಲ್ಲಿ ಕೂರುವವನೇ? ಹೋಗಿ ಹಿಂದಿನ ಕುರ್ಚಿ ಹಿಡಿದೆ. ಮೈಕು ಸಿಕ್ಕರೆ ಬಿಡದ ಆ ಸದಸ್ಯರು, ನಾವೆಲ್ಲ ಮೈಕಣ್ಣ ಅನ್ನುತ್ತೇವಲ್ಲ, ಅವರು ಎದ್ದು, “ಶಾಲೆಗಳಿಗೆ ನರ್ಸ್ ಯಾಕ್ರೀ? ನಮ್ಮ ಶಾಲೆ ನೋಡಿ, ಮೂರು ವರ್ಷದಿಂದ ಒಂದು ಮಗುವಿಗೂ ಕಣ್ಣಿನ ದೋಷ ಇಲ್ಲ ಅಂತ ಆ ನರ್ಸಮ್ಮನೇ ಬರೆದಿದ್ದಾರೆ. ಆದ್ರೆ ಲೆಕ್ಕ ಮಾತ್ರ ಯಾರಿಗೂ ಬರ್ತಿಲ್ಲ. ಆ ಹುದ್ದೆ ತೆಗೆದು ಇನ್ನೊಬ್ಬ ಮೇಷ್ಟ್ರನ್ನ ಹಾಕಿ,” ಅಂದರು. ಊರಾಸ್ಪತ್ರೆಯ ಡಾಕ್ಟರಮ್ಮ ಸಿಡುಕಿ, “ಹಾಗಾದ್ರೆ ಜ್ವರ, ಹಲ್ಲುನೋವು ಎಲ್ಲಾ ನನ್ನ ಬಾಗಿಲಿಗೇ ಬರಲಿ ಬಿಡಿ!” ಅಂದರು. ಚಪ್ಪಾಳೆ ಇಬ್ಬರಿಗೂ ಬಿತ್ತು. ಮುಂದಿನ ವಾರದ ಶುಕ್ರವಾರ ಕೈಯೆತ್ತಿ ತೀರ್ಮಾನ ಮಾಡುತ್ತಾರಂತೆ. ನಮ್ಮ ಶಾಲೆ ನರ್ಸ್ ಅಂದರೆ ನೀನೇ ತಾನೇ, ನಿನ್ನ ಕೆಲಸ ಹೋಗುತ್ತದೇನೋ ಅಂತ ಹೆದರಿದೆ ಕಣಮ್ಮ.

ಆದರೆ ತಲೆಗೆ ಇನ್ನೊಂದು ಹುಳ ಹೊಕ್ಕಿತು. ಎಲ್ಲರ ಕಣ್ಣೂ ಅಷ್ಟು ಚೆನ್ನಾಗಿದ್ದರೆ, ಕೊನೇ ಬೆಂಚಿನವರು ಬೋರ್ಡಿನ 8ನ್ನೆಲ್ಲ 3 ಅಂತ ಬರೆದುಕೊಳ್ಳುವುದೇಕೆ? ಅವರ ಮೇಡಂ ತಲೆ ಚಚ್ಚಿಕೊಳ್ಳುವುದನ್ನು ದಿನಾ ಕೇಳುತ್ತೇನೆ. ನಿನ್ನೆ ಬಿಡುವಿನಲ್ಲಿ, ನಾಲ್ಕೂ ತರಗತಿ ಕೂರುವ ಆ ದೊಡ್ಡ ಕೋಣೆಗೆ ಹೋದೆ. ಹಾಗೆ 3 ಬರೆಯುವ ಎರಡು ಜಡೆಯ ಹುಡುಗಿಯೊಬ್ಬಳನ್ನು ಕೊನೇ ಬೆಂಚಿನಲ್ಲೇ ನಿಲ್ಲಿಸಿ, ನೀನು ಕಣ್ಣು ಪರೀಕ್ಷಿಸುವ ಗೋಡೆಯ ಪಟ ಓದಿಸಿದೆ. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಾಸಿವೆಯಷ್ಟು ಅಕ್ಷರದವರೆಗೂ ಗಡಗಡ ಹೇಳಿದಳು. ಭೇಷ್ ಅಂದೆ. ಉಬ್ಬಿಹೋಗಿ, “ಕಣ್ಣು ಮುಚ್ಕೊಂಡು ಹೇಳ್ಲಾ ತಾತ?” ಅಂದಳು. ಹೇಳಿಯೂ ಬಿಟ್ಟಳು! ಕೆಳಸಾಲನ್ನು ಕೊನೆಯಿಂದ ಓದು ಅಂದರೆ ಮಾತ್ರ ಮತ್ತೆ ಮೊದಲಿಂದಲೇ ಶುರುಮಾಡಿದಳು. ವಿಚಾರಿಸಿದರೆ ಇಡೀ ಕೋಣೆಗೆ ಪಟ ಬಾಯಿಪಾಠ. ವರ್ಷವೆಲ್ಲ ಎದುರಿಗೇ ನೇತಾಡುತ್ತಿದ್ದರೆ ಇನ್ನೇನಾಗುತ್ತದೆ?

ಈಗ ನಾನೇನು ಮಾಡಲಿ ಹೇಳು. ಬಾಯಿ ಬಿಟ್ಟರೆ, ನರ್ಸಿಗೆ ಪರೀಕ್ಷೆ ಮಾಡೋಕೇ ಬರಲ್ಲ ಅಂತ ಮೈಕಣ್ಣ ಊರಿಗೆಲ್ಲ ಸಾರುತ್ತಾರೆ. ಬಾಯಿ ಮುಚ್ಚಿದರೆ ನಿನ್ನ ಹುದ್ದೆಯೂ ಹೋಗುತ್ತದೆ, ಆ ಹುಡುಗಿಯೂ ದಡ್ಡಿ ಅನ್ನಿಸಿಕೊಂಡೇ ಬೆಳೆಯುತ್ತಾಳೆ.

ಜೊತೆಯ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ತಣ್ಣಗಿರು, ತಾಯಿ.

ನಿನ್ನ
ಗಂಟೆಯಪ್ಪ

ಮರೆತಿದ್ದೆ. ಅಲ್ಲ, ಬರೆಯಲು ಹೆದರಿದ್ದೆ: ಪರೀಕ್ಷೆ ಮುಗಿದ ಕೂಡಲೇ ಪಟ ಸುತ್ತಿ ಬೀರುವಿಗೆ ಸೇರಿಸಿ ಅಂತ ನೀನು ಪ್ರತಿ ವರ್ಷ ಹೇಳಿಯೇ ಹೋಗುತ್ತಿದ್ದೆ. ಗೋಡೆಯ ಬಿರುಕು ಕಾಣದಿರಲಿ ಅಂತ ಮತ್ತೆ ತೂಗುಹಾಕಿದವನು, ನೀನು ಬರುವ ಮುನ್ನ ತೆಗೆದಿಟ್ಟವನು, ನಾನೇ. ಲಕೋಟೆ ಅಂಟಿಸುವ ಮೊದಲೇ ಪುರಸಭೆ ಅಧ್ಯಕ್ಷೆಯ ಮುಂದೆ ಹೋಗಿ ಒಪ್ಪಿಕೊಂಡು ಬಂದೆ. ಆ ಶುಕ್ರವಾರ ಕೈಯೆತ್ತುವ ಮುಂಚೆ ಮಾತಾಡಲು ನಿನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ರಜೆ ಹಾಕಿ ಬಾ, ಹೊಸ ಪಟ ತಾ. ಎಲ್ಲರೆದುರು ಮೊದಲು ನನ್ನನ್ನೇ ನಿಲ್ಲಿಸು. ಹೋದ ವರ್ಷ ಅಪ್ಪನದು ಹದ್ದಿನ ಕಣ್ಣು ಅಂತ ಹೊಗಳಿದೆಯಲ್ಲ, ನಾನೂ ಬಾಯಿಪಾಠವನ್ನೇ ಒಪ್ಪಿಸಿದ್ದೆ. ಗಡಿಯಾರಕ್ಕೇನೂ ಆಗಿಲ್ಲ, ಮಗಳೇ.