ಇಬ್ಬರು ಮಾತಾಡದವರು

ಅಗಡಿ, ಮಾರ್ಚ್ ೯, ಸೋಮವಾರ

ಎಷ್ಟು ತೊಳೆದರೂ ಎಣ್ಣೆಗಾಯಿಯ ವಾಸನೆ ಕೈಯಿಂದ ಹೋಗುತ್ತಿಲ್ಲ. ಥೂ.

ಗಂಡ ಮಾಂತೇಶ, ಮೈದುನ ಚನ್ನೇಶ, ಇಬ್ಬರದೂ ಮಾತು ಕಡಿಮೆ. ದೇವರಂಥ ಹುಡುಗರು ಎಂದು ಊರೆಲ್ಲ ಹೊಗಳುತ್ತದೆ. ಮದುವೆಯಾದಾಗಿನಿಂದ ನಾನೂ ನಂಬಿದ್ದೆ.

ಇವತ್ತು ಬಸ್ಸು ತಡವಾಗಿ, ಕೆಲಸದಿಂದ ಮನೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಊಟಕ್ಕೆ ಕೂತಾಗ ಅತ್ತೆಯ ತಂಗಿ ಕರಿಯವ್ವ ಎಲ್ಲರ ಮುಂದೆಯೇ ಅಂದಳು: "ಬೀಜದ ಕಂಪನಿ ಅಂತ ಹೇಳ್ತಾಳ. ರಾಣೆಬೆನ್ನೂರಾಗ ಯಾರ ಸಂಗಾಟ ತಿರಗತಾಳೋ ಯಾರಿಗೆ ಗೊತ್ತು."

ನಾನು ರೊಟ್ಟಿ ಬುಟ್ಟಿ ಹಿಡಿದು ನಿಂತೇ ಇದ್ದೆ. ಚನ್ನೇಶ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದ, ಕೈ ತೊಳೆದು ಹೊರಗೆ ಹೋದ. ಊಟ ಬಿಟ್ಟು ಯಾರೂ ಏಳದ ಮನೆಯಿದು. ಕರಿಯವ್ವನ ಮುಖ ಸಣ್ಣದಾಯಿತು.

ಆಗ ನನ್ನ ಗಂಡ ಬಾಯಿ ತೆರೆದ. ಕೊನೆಗೂ, ಅಂದುಕೊಂಡೆ.

"ಎಣ್ಣಿಗಾಯಿ ಇನ್ನೊಂದು ನೀಡು."

ನೀಡಿದೆ. ಅದಕ್ಕೇ ಮೈ ಉರಿಯುತ್ತಿದೆ. ಚನ್ನೇಶನಿಗೆ ಮಾತು ಬರುವುದಿಲ್ಲ. ಇವನಿಗೆ ಬೇಕಾಗಿಯೇ ಇಲ್ಲ. ಸಾಧುವಂತೆ, ಸಾಧು.

ಈಗ ಹಾಸಿಗೆಯಿಂದ ಕೇಳುತ್ತಿದ್ದಾನೆ: "ಯಾಕ, ಮಾತಾಡವಲ್ಲಿ?"

ಇವತ್ತಿನಿಂದ ನಾನೂ ಮಾತು ಕಡಿಮೆಯವಳೇ. ಯಾವ ಥರದವಳೆಂದು ನಾಳೆ ಹೊಲದಲ್ಲಿ ಇವನು ಎಣ್ಣೆಗಾಯಿ ಇಲ್ಲದ ಬುತ್ತಿ ಬಿಚ್ಚಿದಾಗ ತಿಳಿದೀತು.